ರತ್ನವ್ವ ಹಾಡಿ ಅತ್ತದ್ದು

ವಿನೋದಾ ಮತ್ತೆ ಫೋನು ಹೊರತೆಗೆದಳು. ಸಿಡ್ನಿಯ ವಿಮಾನ ಇಳಿಯಿತೋ ಇಲ್ಲವೋ ಎಂದು ನೋಡುವ ಮೊದಲೇ ಪ್ರತೀಕ್ ಅದನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ.

"ಅಮ್ಮಾ, ಲ್ಯಾಂಡ್ ಆಗ್ಯಾರ. ಭಾಸ್ಕರಣ್ಣ ಮೆಸೇಜ್ ಮಾಡ್ಯಾನ. ಕಾರ್‌ನಾಗ ಬರಾಕತ್ತಾರ. ಪ್ಲೀಸ್, ಒಂದ್ ಕಡೆ ಕುಂದ್ರು."

"ಕುಂತ್ರ ಕುಂದ್ರಾಕ ಆಗವಲ್ದೋ."

ಮೆಲ್ಬರ್ನಿನ ಸ್ಮಶಾನದ ಪ್ರಾರ್ಥನಾಮಂದಿರದ ಮುಂದಿನ ವರಾಂಡದಲ್ಲಿ ಅವಳು ಬೆಳಗಿನಿಂದ ಆ ತುದಿಯಿಂದ ಈ ತುದಿಗೆ ನಡೆದಿದ್ದಳು. ಒಳಗೆ ಗಂಡ ಶಿವಬಸಪ್ಪ ಪೆಟ್ಟಿಗೆಯಲ್ಲಿ ಮಲಗಿದ್ದ. ಹಣೆಗೆ ವಿಭೂತಿ, ಕೊರಳಿಗೆ ರುದ್ರಾಕ್ಷಿ, ಅಂಗೈಯಲ್ಲಿ ಇಷ್ಟಲಿಂಗ. ಊರಲ್ಲಾಗಿದ್ದರೆ ಕೂರಿಸಿ ಮಣ್ಣು ಮಾಡುತ್ತಿದ್ದರು. ಇಲ್ಲಿ ಮಲಗಿಸಿಯೇ ಮಾಡಬೇಕು ಅಂದಾಗ ಅವಳು ಹೂಂ ಅಂದಿದ್ದಳು. ಐದು ದಿನದಿಂದ ಯಾರು ಏನು ಕೇಳಿದರೂ ಹೂಂ ಅಂದಿದ್ದಳು.

ಪ್ರತೀಕ್ ಸುತ್ತ ನೋಡಿ ದನಿ ತಗ್ಗಿಸಿದ. "ಅಮ್ಮಾ, ಒಂದ್ ಮಾತು. ರತ್ನವ್ವ ಅತ್ತಿ ಬಂದು... ಅದನ್ನ ಶುರು ಮಾಡಿದ್ರ? ಹಾಡ್ಕೋತ ಅಳೂದು. ಅಪ್ಪನ ಯೂನಿವರ್ಸಿಟಿಯವ್ರು ಬಂದಾರ. ದೇ ವೋಂಟ್ ಅಂಡರ್‌ಸ್ಟ್ಯಾಂಡ್. ನೀನ ಸ್ವಲ್ಪ ಹೇಳು ಆಕಿಗೆ."

ವಿನೋದಾ ಮಗನ ಮುಖ ನೋಡಿದಳು. ಅವನ ಅಪ್ಪನೂ ಹೀಗೇ ಸುತ್ತ ನೋಡಿ, ಹೀಗೇ ದನಿ ತಗ್ಗಿಸಿ ಇದನ್ನೇ ಹೇಳಿದ್ದ. ಆಗ ಈ ಪ್ರತೀಕ್ ಅವಳ ಸೊಂಟದ ಮೇಲಿದ್ದ.

*

ಗದಗಿನ ಹತ್ತಿರದ ಊರಲ್ಲಿ ವಿನೋದಾಳ ಅತ್ತೆ, ಶಿವಬಸಪ್ಪನ ತಾಯಿ, ತೀರಿಕೊಂಡಿದ್ದರು. ಅವರನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಪಕ್ಕದಲ್ಲಿ ಕೂತ ಮಗಳು ರತ್ನವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮುಂದಕ್ಕೂ ಹಿಂದಕ್ಕೂ ತೂಗುತ್ತ ಹಾಡಿ ಅಳುತ್ತಿದ್ದಳು. ತಾಯಿ ಹೊಲಕ್ಕೆ ಬುತ್ತಿ ಹೊತ್ತದ್ದು, ಸವತಿಯ ಮಗನಿಗೂ ಮೊಲೆ ಕೊಟ್ಟದ್ದು, ಹಸಿರು ಬಳೆ ಒಡೆದ ದಿನ ಒಲೆ ಹಚ್ಚದೆ ಕೂತದ್ದು, ಒಂದೊಂದೂ ಆ ರಾಗದಲ್ಲಿ ಬರುತ್ತಿತ್ತು. ವಿನೋದಾ ಮಗುವನ್ನೆತ್ತಿಕೊಂಡು ಕೇಳುತ್ತ ನಿಂತಿದ್ದಳು. ಅತ್ತೆಯ ಜೊತೆ ಅವಳು ಆರು ವರ್ಷ ಬಾಳಿದ್ದಳು. ಆ ಹೆಂಗಸು ಯಾರೆಂದು ಗೊತ್ತಾದದ್ದು ಅವತ್ತು.

ಅಷ್ಟರಲ್ಲಿ ಧಾರವಾಡದಿಂದ ಶಿವಬಸಪ್ಪನ ಕಾಲೇಜಿನವರು ಜೀಪಿನಿಂದ ಇಳಿದರು. ಪ್ರಿನ್ಸಿಪಾಲರು ಬೂಟು ಬಿಚ್ಚುತ್ತಿದ್ದಾಗ ಶಿವಬಸಪ್ಪ ಅಕ್ಕನ ಹತ್ತಿರ ಬಗ್ಗಿದ.

"ಅಕ್ಕಾ, ಸಾಕು ಮಾಡ. ಕಾಲೇಜಿನವ್ರು ಬಂದಾರ. ಏನ್ ತಿಳ್ಕೋತಾರ?"

ರತ್ನವ್ವ ಸಾಲಿನ ನಡುವೆಯೇ ನಿಲ್ಲಿಸಿದಳು. ಸೆರಗು ಹಿಂದೆ ಸರಿಸಿ, ಕಣ್ಣೊರೆಸಿ, ಎದ್ದು ಒಳಗೆ ಹೋದಳು. ಆಮೇಲೆ ಅವಳ ಗಂಡ ಸತ್ತಾಗಲೂ ಅವಳು ಹಾಡಿ ಅಳಲಿಲ್ಲ ಎಂದು ಊರವರು ಹೇಳುತ್ತಿದ್ದರು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ವಿನೋದಾಳಿಗೆ ಗೊತ್ತಿತ್ತು.

*

ಹನ್ನೊಂದಕ್ಕೆ ಸ್ವಲ್ಪ ಮುಂಚೆ ಕಾರು ಬಂತು. ಸಿಡ್ನಿಯ ಗಿರಾವೀನ್‌ನಲ್ಲಿ ಮಗ ಭಾಸ್ಕರನ ಮನೆಯಲ್ಲಿರುವ ರತ್ನವ್ವ ಈಗ ಕೋಲೂರಿ ನಡೆಯುತ್ತಾಳೆ. ಭಾಸ್ಕರನ ತೋಳು ಹಿಡಿದು ಅವಳು ನೇರ ಪೆಟ್ಟಿಗೆಯ ಬಳಿ ಹೋದಳು. ಎಲ್ಲರೂ ಉಸಿರು ಹಿಡಿದರು. ಅವಳು ತಮ್ಮನ ಕೆನ್ನೆ ಮುಟ್ಟಿದಳು. ಹಣೆಯ ವಿಭೂತಿ ಒಂದು ಕಡೆ ಮಾಸಿತ್ತು, ಅದನ್ನು ಬೆರಳಿಂದ ಸರಿ ಮಾಡಿದಳು. ಮೊದಲ ಸಾಲಿಗೆ ಬಂದು ವಿನೋದಾಳ ಪಕ್ಕದಲ್ಲಿ ಕೂತಳು. ಕಣ್ಣಿಂದ ನೀರು ಇಳಿಯುತ್ತಿತ್ತು. ಬಾಯಿ ಹೊಲಿದಂತೆ ಮುಚ್ಚಿತ್ತು.

ಪ್ರತೀಕ್‌ನ ಭುಜ ಇಳಿದದ್ದನ್ನು ವಿನೋದಾ ನೋಡಿದಳು. ಅವಳಿಗೂ ಹಗುರಾಗಬೇಕಿತ್ತು. ಆಗಲಿಲ್ಲ. ಚಪ್ಪಲಿಯೊಳಗೆ ಕಾಲ್ಬೆರಳು ಮಡಚಿ ಬಿಚ್ಚುತ್ತ ಕೂತಳು.

ಕನ್ನಡ ಸಂಘದ ನಾಗರಾಜ ಮೈಕು ಹಿಡಿದ. "ಶಿವಬಸಪ್ಪ ಸರ್ ಅಂದ್ರೆ ತುಂಬಾ ಸಿಂಪಲ್ ಮನುಷ್ಯ. ಯಾರ ತಂಟೆಗೂ ಹೋದೋರಲ್ಲ. ಯುಗಾದಿ ಫಂಕ್ಷನ್‌ಗೆ ಮೊದಲು ಬಂದು ಕುರ್ಚಿ ಹಾಕೋರು, ಕೊನೇಲಿ ಎತ್ತಿಟ್ಟು ಹೋಗೋರು. ಎಲ್ಲರ ಜೊತೆ ತುಂಬಾ ಅಡ್ಜಸ್ಟ್ ಮಾಡ್ಕೊಂಡಿದ್ರು."

ಅವನ ನಂತರ ಮಾತಾಡಿದವರೂ ಸಿಂಪಲ್ ಅಂದರು. ಪ್ರತೀಕ್ ಸಿದ್ಧ ಮಾಡಿದ್ದ ಚಿತ್ರಗಳು ಗೋಡೆಯ ಮೇಲೆ ಬಂದು ಹೋದವು. ಎಲ್ಲದರಲ್ಲೂ ಶಿವಬಸಪ್ಪ ಬೇರೆ ಯಾರದೋ ಹಿಂದೆ ನಿಂತಿದ್ದ. ಹೀಗೇ ಮುಗಿದುಹೋಗುತ್ತದೆ, ಅಂದುಕೊಂಡಳು ವಿನೋದಾ. ಸಿಂಪಲ್! ನಾನೂರು ವರ್ಷದ ಹಿಂದೆ ಸತ್ತ ಕವಿಗಳ ಹೆಸರಲ್ಲಿ ಮೂವತ್ತು ವರ್ಷ ನನ್ನ ಜೀವ ತಿಂದ ಮನುಷ್ಯ ಸಿಂಪಲ್!

*

ಅವನು ಮೆಲ್ಬರ್ನಿಗೆ ಬಂದದ್ದು ಬ್ರಿಟಿಷರ ಕಂದಾಯ ಪದ್ಧತಿಯ ಮೇಲೆ ಪಿಎಚ್‌ಡಿ ಮಾಡಲು. ಲೈಬ್ರರಿಯಲ್ಲಿ ಯಾವುದೋ ಪುಸ್ತಕ ಹುಡುಕುವಾಗ ಪಕ್ಕದ ಕಪಾಟಿನಲ್ಲಿ ಐರ್ಲೆಂಡಿನ ಹಳೆಯ ಕವಿಗಳು ಸಿಕ್ಕರು. ಅಲ್ಲಿಗೆ ಕಂದಾಯ ಬಿಟ್ಟ. ಇಂಗ್ಲಿಷರ ಕೈ ಮೇಲಾಗಿ ಐರ್ಲೆಂಡಿನ ದೊರೆಗಳು ಹಡಗು ಹತ್ತಿ ದೇಶ ಬಿಟ್ಟು ಹೋದ ಕಾಲ ಅದು. ಆ ದೊರೆಗಳ ಮನೆತನದ ಕವಿಗಳು ದಂಡೆಯ ಮೇಲೆ ಉಳಿದರು. ಹಾಡಲು ಹಾಡಿತ್ತು, ಕೇಳಲು ಒಡೆಯನಿರಲಿಲ್ಲ. ಅವರನ್ನು ಓದಲೆಂದು ಶಿವಬಸಪ್ಪ ನಲವತ್ತರ ಹತ್ತಿರ ಐರಿಷ್ ಭಾಷೆ ಕಲಿತ. ಪಿಎಚ್‌ಡಿ ತಡವಾಯಿತು. ಖಾಯಂ ಕೆಲಸ ಸಿಗಲೇ ಇಲ್ಲ. ಸೆಮಿಸ್ಟರ್ ಮುಗಿದರೆ ಮುಗಿಯುವ ಟ್ಯೂಟರ್ ಕೆಲಸ ಮಾಡಿಕೊಂಡೇ ಮುದುಕನಾದ. ಮಾರ್ಟ್‌ಗೇಜ್ ಕಟ್ಟಿದ್ದು ಪೆಥಾಲಜಿ ಲ್ಯಾಬಿನಲ್ಲಿ ರಕ್ತದ ಸ್ಯಾಂಪಲ್ ನೋಡುತ್ತಿದ್ದ ವಿನೋದಾ.

ಒಂದು ಮಧ್ಯಾಹ್ನ ಅವಳು ಶಿಫ್ಟ್ ಮುಗಿಸಿ ಹಾಪರ್ಸ್ ಕ್ರಾಸಿಂಗ್‌ನ ಮನೆಗೆ ಬಂದರೆ ಒಳಗೆಲ್ಲ ಕತ್ತಲು. ಪರದೆಗಳನ್ನೆಲ್ಲ ಎಳೆದುಕೊಂಡು, ಕಣ್ಣಿಗೆ ಟವೆಲ್ ಕಟ್ಟಿಕೊಂಡು, ಹಾಸಿಗೆಯಲ್ಲಿ ಅಂಗಾತ ಮಲಗಿದ್ದ.

"ಮೈಯಾಗ ಹುಷಾರಿಲ್ಲೇನ್ರಿ?"

"ಆರಾಮ ಅದೀನಿ. ಆ ಕವಿಗಳ ಸಾಲಿಯೊಳಗ ಹುಡುಗರನ್ನ ಹಿಂಗ ಕಿಟಕಿ ಇಲ್ಲದ ಕ್ವಾಣಿಯೊಳಗ ಮಲಗಿಸ್ತಿದ್ರಂತ. ಕತ್ತಲಾಗ ಪದ ಕಟ್ಟಬೇಕು. ಪೂರಾ ಆದ ಮ್ಯಾಲ ದೀಪ ತರೂದು, ಬರಿಯೂದು. ಹೆಂಗ ಅನಸತೈತಿ ಅಂತ ನೋಡಾಕತ್ತೀನಿ."

"ಹೆಂಗ ಅನಸತೈತಿ?"

"ನಿದ್ದಿ ಬರತೈತಿ."

ಅವಳಿಗೆ ನಗು ಬರಲಿಲ್ಲ. ಬಾಗಿಲಲ್ಲೇ ನಿಂತು ಬಾಯಿಗೆ ಬಂದದ್ದೆಲ್ಲ ಅಂದಳು. ಅವನು ಟವೆಲ್ ಬಿಚ್ಚದೆ ಕೇಳಿಸಿಕೊಂಡ. ಅವಳು ಸುಸ್ತಾಗಿ ಮಂಚದ ತುದಿಗೆ ಕೂತ ಮೇಲೆ, ಏನೂ ಆಗದವನಂತೆ ಮಾತು ತೆಗೆದ.

"ಇವತ್ತ ಒಂದ್ ಮಜಾ ಓದಿದ್ನಿ. ಅಲ್ಲಿ ಹೆಂಗಸರು ಹೆಣದ ಮುಂದ ಹಾಡಿ ಅಳತಿದ್ರು, ನಮ್ಮೂರಾಗ ಅಳತಾರಲ್ಲ, ಹಂಗ. ಪಾದ್ರಿಗೋಳು ಸಭಾ ಕೂಡಿಸಿ ಹುಕುಂ ಹೊಂಡಿಸಿದ್ರು, ಅಳಬಾರದು ಅಂತ. ಮತ್ತ ಕೂಡಿದ್ರು, ಮತ್ತ ಹೊಂಡಿಸಿದ್ರು."

"ಬಿಟ್ರೇನು?"

"ಬಿಟ್ಟಿದ್ರ ಮತ್ತ ಮತ್ತ ಹುಕುಂ ಯಾಕ ಬೇಕಿತ್ತು? ಬಿಡಲಿಲ್ಲ ಅನ್ನೂದಕ್ಕ ಆ ಹುಕುಮನ ಸಾಕ್ಷಿ."

ಸಿಟ್ಟು ಇನ್ನೂ ಆರಿರದ ವಿನೋದಾ ಅಂದುಬಿಟ್ಟಳು: "ಅವರು ಗಟ್ಟಿ ಹೆಂಗಸರು ಬಿಡ್ರಿ. ನಿಮ್ಮಕ್ಕ ಒಂದ ಮಾತಿಗೆ ಬಿಟ್ಟಳು."

ಶಿವಬಸಪ್ಪ ಗೋಡೆಯ ಕಡೆ ಹೊರಳಿದ. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಅವಳಿಗೆ ಚಹಾ ಮಾಡಿ ತಂದುಕೊಟ್ಟ. ಆ ಭಾನುವಾರ ಎಂದಿನಂತೆ ಅಕ್ಕನಿಗೆ ಫೋನು ಮಾಡಿದ. ಮಳೆ ಆಯಿತಾ, ಬಿ.ಪಿ. ಗುಳಿಗೆ ತಗೊಂಡಿಯಾ, ಅಷ್ಟೇ. ಬಾಗಿಲ ಹಿಂದೆ ನಿಂತ ವಿನೋದಾ ಬೇರೊಂದು ಮಾತಿಗಾಗಿ ಕಾದಳು. ಅದು ಬರಲಿಲ್ಲ. ಮುಂದೆ ಯಾವ ಭಾನುವಾರವೂ ಬರಲಿಲ್ಲ.

*

ಕೊನೆಗೆ ಮೊರೀನ್ ಎದ್ದಳು. ಶಿವಬಸಪ್ಪನ ಜೊತೆ ಪಾಠ ಮಾಡಿದವಳು, ಈಗ ನಿವೃತ್ತಳು. ಕಾಗದವಿಲ್ಲದೆ ಇಂಗ್ಲಿಷಿನಲ್ಲಿ ಮಾತಾಡಿದಳು.

"ಪ್ರತಿ ವರ್ಷ ಮೊದಲ ತರಗತಿಯಲ್ಲಿ ಶಿವ ಒಂದು ಪ್ರಶ್ನೆ ಕೇಳುತ್ತಿದ್ದ. ನಿಮ್ಮ ಅಜ್ಜಿ ಸತ್ತಾಗ ಯಾರು ಅತ್ತರು? ಏನೆಂದು ಅತ್ತರು? ಹುಡುಗರು ತಬ್ಬಿಬ್ಬಾಗುತ್ತಿದ್ದರು. ನನ್ನ ಮುತ್ತಜ್ಜಿ ಐರ್ಲೆಂಡಿನಿಂದ ಬಂದವಳು, ನನಗೂ ಉತ್ತರ ಗೊತ್ತಿರಲಿಲ್ಲ. ಆಗ ಅವನು ತನ್ನ ತಾಯಿಯ ಹೆಣದ ಮುಂದೆ ತನ್ನ ಅಕ್ಕ ಹಾಡಿದ್ದನ್ನು ಹೇಳುತ್ತಿದ್ದ. ಸಾಲು ಸಾಲಾಗಿ, ನಿಮ್ಮ ಭಾಷೆಯಲ್ಲಿ. ಆಮೇಲೆ ನಮಗೆ ಅರ್ಥ ಹೇಳುತ್ತಿದ್ದ. ಒಂದು ಕಡೆ ಬಂದಾಗ ನಿಲ್ಲಿಸಿಬಿಡುತ್ತಿದ್ದ. ಇಲ್ಲಿಂದ ಮುಂದಿನದು ನನಗೆ ಗೊತ್ತಿಲ್ಲ ಅನ್ನುತ್ತಿದ್ದ."

ರತ್ನವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. "ಆಕಿ ಏನಂದ್ಲು?" ಎಂದು ಪಿಸುಗುಟ್ಟಿದಳು. ವಿನೋದಾ ಅವಳ ಕಡೆ ತಿರುಗಿದಳು. ಅಷ್ಟರಲ್ಲಿ ಅಂತ್ಯಕ್ರಿಯೆ ಕಂಪನಿಯ ಕಪ್ಪು ಕೋಟಿನ ಮಹಿಳೆ ಬಂದು, ಹೊರಡೋಣವೇ ಎಂದು ಕೇಳಿದಳು. ವಿನೋದಾ ಅಭ್ಯಾಸದಂತೆ ಹೂಂ ಅಂದಳು.

ಹೊರಗೆ ಗಾಳಿ ಜೋರಾಗಿತ್ತು. ಭಾಸ್ಕರ ತಾಯಿಯನ್ನು ಸ್ಮಶಾನದವರ ಗಾಲಿಕುರ್ಚಿಯಲ್ಲಿ ಕೂರಿಸಿ ತಂದ. ತೋಡಿದ ಗುಂಡಿಯ ಮೇಲೆ ಪಟ್ಟಿಗಳಿದ್ದವು, ಅವುಗಳ ಮೇಲೆ ಪೆಟ್ಟಿಗೆ ಇಟ್ಟರು. ನಾಗರಾಜ ಕಣ್ಣು ಮುಚ್ಚಿ ಕೈ ಮುಗಿದ. ಪ್ರತೀಕ್ ಬಿಲ್ವಪತ್ರೆ ಹಾಕಿದ. ಕಪ್ಪು ಕೋಟಿನ ಮಹಿಳೆ ಇಳಿಸುವ ಯಂತ್ರದ ಬಳಿ ನಿಂತು ವಿನೋದಾಳ ಸನ್ನೆಗಾಗಿ ನೋಡಿದಳು.

"ತಡೀರಿ," ಅಂದಳು ವಿನೋದಾ. ಕನ್ನಡದಲ್ಲೇ ಅಂದಳು. ಆ ಮಹಿಳೆಗೆ ಹೇಗೋ ತಿಳಿಯಿತು, ಕೈ ಹಿಂದಕ್ಕೆ ತೆಗೆದಳು.

ವಿನೋದಾ ಗಾಲಿಕುರ್ಚಿಯಲ್ಲಿ ಕೂತಿದ್ದ ರತ್ನವ್ವನ ಮುಂದೆ ಹುಲ್ಲಿನ ಮೇಲೆ ಕುಕ್ಕರಿಸಿದಳು. "ಅಕ್ಕಾರ, ಅಳ್ರಿ."

"ಅಳಾಕತ್ತೀನಲ್ಲ. ಕಣ್ಣಾಗ ನೀರು ಕಾಣವಲ್ದೇನು?"

"ಹಂಗಲ್ರಿ. ಅತ್ತಿಯವರಿಗೆ ಅತ್ರಲ್ಲ, ಹಂಗ."

ರತ್ನವ್ವ ಮುಖ ತಿರುಗಿಸಿದಳು. "ತಮ್ಮ ಬ್ಯಾಡ ಅಂದಾನ."

"ಬ್ಯಾಡ ಅಂದವರ ಅದನ್ನ ವರ್ಷಾ ವರ್ಷಾ ಸಾಲಿ ಹುಡುಗರ ಮುಂದ ಹಾಡಿ ತೋರಿಸ್ಯಾರಂತ್ರಿ. ಈಕಿ ಈಗ ಹೇಳಿದ್ದು ಅದನ್ನ. ನೀವು ಬಿಟ್ಟಲ್ಲಿಗೆ ಬಂದು ಅವರೂ ನಿಲ್ಲಸತಿದ್ರಂತ. ಮುಂದಿಂದು ಗೊತ್ತಿಲ್ಲ ಅಂತಿದ್ರಂತ."

ಮುದುಕಿ ಮತ್ತೆ ಅವಳ ಕಡೆ ತಿರುಗಿದಳು. "ಏನಂತ ಅಳ್ಲಿ ವಿನೋದಾ? ಇಲ್ಲಿ ಅಂವ ಹೆಂಗ ಬಾಳ್ವೆ ಮಾಡಿದ ನನಗೇನು ಗೊತ್ತೈತಿ? ಫೋನಿನಾಗ ಬರೇ ಗುಳಿಗಿ ಮಾತು. ಏನ್ ಉಣತಿದ್ದ, ಯಾತಕ್ಕ ನಗತಿದ್ದ, ಗೊತ್ತಿಲ್ಲದ ಹೆಂಗ ಅಳೂದು?"

"ನಾ ಹೇಳ್ತೀನ್ರಿ."

ಎಲ್ಲರೂ ನೋಡುತ್ತಿದ್ದರು. ಬಾಯಿಗೆ ಬಂದದ್ದನ್ನೇ ಹೇಳಿದಳು. "ಜ್ವಾಳದ ರೊಟ್ಟಿ ಅವರ ಬಡೀತಿದ್ರು, ನನಗ ಬರೂದಿಲ್ಲ. ಹೊಗಿಗೆ ಸ್ಮೋಕ್ ಅಲಾರ್ಮ್ ಹೊಡಕೋತಿತ್ತು, ಓಣಿಗೆಲ್ಲ ಕೇಳೂ ಹಂಗ. ಟವೆಲ್ ಬೀಸ್ಕೋತ ಅದರ ಕೆಳಗ ಕುಣೀತಿದ್ರು."

ರತ್ನವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಮೊದಲ ದನಿ ಬಿರುಕು ಬಿಟ್ಟು ಕೆಮ್ಮಾಯಿತು. ಮತ್ತೆ ತೆಗೆದಳು.

"ರೊಟ್ಟಿ ಬಡದರ ಮನಿ ಕೂಗತಿತ್ತೋ, ನನ ತಮ್ಮಾ...
ಇಂದು ನೀ ಎದ್ದು ನಡದರ ಮನಿ ಸುಮ್ಮನ ಕುಂತೈತೋ..."

ವಿನೋದಾ ಗಟ್ಟಿಯಾಗಿ ಅತ್ತಳು. ಅಳುತ್ತಲೇ ಹೇಳಿದಳು: ಕುರ್ಚಿ ಹಾಕಲು ಮೊದಲು ಹೋಗುತ್ತಿದ್ದದ್ದು, ಕೆಲಸದ ಇಂಟರ್‌ವ್ಯೂಗೆ ಒಂದೇ ಟೈ ಇಪ್ಪತ್ತು ವರ್ಷ ಕಟ್ಟಿದ್ದು, ತನ್ನೊಂದಿಗೆ ಜಗಳವಾದರೆ ಚಹಾ ಮಾಡಿ ತಂದು ಮಾತಾಡದೆ ಇಟ್ಟು ಹೋಗುತ್ತಿದ್ದದ್ದು. ಒಂದೊಂದನ್ನೂ ರತ್ನವ್ವ ಎತ್ತಿಕೊಂಡಳು, ತೂಗಿದಳು, ರಾಗಕ್ಕೆ ಹಾಕಿದಳು. ಮೊರೀನ್ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಪ್ರತೀಕ್ ಮುಂದೆ ಬಂದ. ನಿಲ್ಲಿಸಲು ಬಂದ ಎಂದುಕೊಂಡು ವಿನೋದಾ ತಲೆ ಎತ್ತಿದಳು. ಅವನು ಅತ್ತೆಯ ಕುರ್ಚಿಯ ಹಿಡಿ ಹಿಡಿದುಕೊಂಡ.

"ಅತ್ತಿ, ಅಪ್ಪ ಟ್ರೇನ್‌ನಾಗ ಮಲಗಿಬಿಡ್ತಿದ್ರು. ನಮ್ಮ ಸ್ಟೇಷನ್ ಮಿಸ್ ಮಾಡಿ ವೆರಿಬೀಗೆ ಹೋಗಿ ಫೋನ್ ಮಾಡ್ತಿದ್ರು, ಬಂದು ಕರ್ಕೊಂಡ್ ಹೋಗು ಅಂತ. ನನಗ ಸಿಟ್ಟು ಬರ್ತಿತ್ತು. ಎವ್ರಿ ವೀಕ್, ಅತ್ತಿ. ನಾನ ಹೋಗ್ತಿದ್ದೆ."

ರತ್ನವ್ವ ಕಣ್ಣು ಮುಚ್ಚಿದಳು.

"ಇಳಿಯೂ ಊರು ದಾಟಿ ಹೋದ್ಯೇನೋ, ನನ ತಮ್ಮಾ...
ಕರಿಯಾಕ ಬರೂ ಮಗಗ ಯಾವ ಊರು ಹೇಳಲ್ಯೋ..."

ಪ್ರತೀಕ್ ಬಿಕ್ಕಿ ಬಿಕ್ಕಿ ಅತ್ತ. ಅವನು ಹಾಗೆ ಅತ್ತದ್ದನ್ನು ವಿನೋದಾ ಅವನ ಬಾಲ್ಯದ ನಂತರ ನೋಡಿರಲಿಲ್ಲ.

ಎರಡು ಸಾಲು ಆಚೆ ಗಂಡನದೋ ಮಗನದೋ ಗೋರಿಗೆ ಹೂವಿಡಲು ಬಂದಿದ್ದ, ಕಪ್ಪು ಬಟ್ಟೆಯ ಇಟಲಿಯ ಮುದುಕಿಯೊಬ್ಬಳು ನಲ್ಲಿಯ ಹತ್ತಿರ ನಿಂತಿದ್ದಳು. ಸುರಿಯುವ ನಲ್ಲಿಗೆ ಹಿಡಿದಿದ್ದ ನೀರಿನ ಡಬ್ಬಿಯನ್ನು ಅಲ್ಲೇ ಬಿಟ್ಟು, ಕಲ್ಲುಗಳ ನಡುವೆ ದಾರಿ ಮಾಡಿಕೊಂಡು ಬಂದಳು. ಯಾರನ್ನೂ ಏನೂ ಕೇಳಲಿಲ್ಲ. ರತ್ನವ್ವನ ಪಕ್ಕಕ್ಕೆ ಬಂದು ನಿಂತು, ಎದೆಯ ಮೇಲೆ ಅಂಗೈ ಇಟ್ಟುಕೊಂಡು, ಅವಳ ರಾಗಕ್ಕೆ ಸರಿಯಾಗಿ ತೂಗತೊಡಗಿದಳು. ಹಿಂದೆ ಡಬ್ಬಿ ತುಂಬಿ ಉಕ್ಕುತ್ತಿತ್ತು. ನೀರು ಹುಲ್ಲಿಗೆ ಇಳಿದು, ಗೋರಿಯಿಂದ ಗೋರಿಗೆ ಹರಿದು ಹೋಗುತ್ತಿತ್ತು. ನಲ್ಲಿ ನಿಲ್ಲಿಸಲು ಯಾರೂ ಹೋಗಲಿಲ್ಲ.