ಎಡಕ್ಕೆ ವಾಲಿದ ಹಸಿರು

೧. ಎಲ್ಲಿಂದ ಆರಂಭಿಸಲಿ? ಹುಳುವಿನಿಂದ ಆರಂಭಿಸಿದರೆ ನೀವು ಪುಟ ಮಗುಚುತ್ತೀರಿ. ಕೊಲೆಯಿಂದ ಆರಂಭಿಸೋಣವೆಂದರೆ ಇಲ್ಲಿ ಯಾರೂ ಸಾಯುವುದಿಲ್ಲ. (ಧಾರಾವಾಹಿ ಬರೆದು ಪಳಗಿದ ಕೈ, ಹೆಣವಿಲ್ಲದೆ ಓಡುವುದಿಲ್ಲ.) ಇರಲಿ, ಹುಳುವೇ ಗತಿ.

೨. ಒಂದು ಮಿಲಿಮೀಟರ್ ಉದ್ದದ ಪಾರದರ್ಶಕ ಹುಳು. ಅದರ ಸಂತಾನಕೋಶಗಳಲ್ಲಿ, ಕೋಶಕೇಂದ್ರಕ್ಕೆ ಅಂಟಿಕೊಂಡು, ಪೊರೆಯೇ ಇಲ್ಲದ ಪುಟ್ಟ ಹನಿಗಳು. ಪೊರೆಯಿಲ್ಲದಿದ್ದರೂ ಹನಿಯೊಳಗಿನ ಪ್ರೋಟೀನುಗಳು ಕಲಸುಮೇಲೋಗರವಲ್ಲ, ಪ್ರತಿಯೊಂದಕ್ಕೂ ತನ್ನದೇ ಜಾಗವಿದೆ ಎಂಬುದು ನಮ್ಮ ಸಂಶೋಧಕಿಯ ಮೂರು ವರ್ಷಗಳ ವಾದ. ಗುರುತಿಗೆಂದು ಎರಡು ಪ್ರೋಟೀನುಗಳಿಗೆ ಹೊಳೆಯುವ ಬಣ್ಣ ಕೊಟ್ಟಿದ್ದಾಳೆ: ಕೇಂದ್ರದ ಕಡೆಗೆ ಕೆಂಪು, ಹೊರ ಅಂಚಿಗೆ ಹಸಿರು. ಕಳೆದ ವಾರ, ಹೊಸ ಕ್ಯಾಮೆರಾದಲ್ಲಿ, ಮೊದಲ ಬಾರಿಗೆ ಅದು ಕಣ್ಣಿಗೆ ಬಿತ್ತು. ಇಂದು ಮೂರು ಗಂಟೆಗೆ ಸೆಮಿನಾರಿನಲ್ಲಿ ಆ ಚಿತ್ರವನ್ನು ಎಲ್ಲರ ಮುಂದಿಡಬೇಕು. ಈಗ ಎರಡೂವರೆ.

೩. ಸೂಕ್ಷ್ಮದರ್ಶಕಗಳನ್ನು ನೋಡಿಕೊಳ್ಳುವ ಲೆನ್ಸಣ್ಣ ಪರದೆಯತ್ತ ಬಾಗಿದ.

"ಅಲ್ಲ ಕಣಮ್ಮ, ಎಲ್ಲಾ ಹನೀಲೂ ಹಸಿರು ಎಡಕ್ಕೇ ವಾಲಿದೆಯಲ್ಲ?"

"ಇವೆಲ್ಲ ಕೇಂದ್ರದ ಎಡಮಗ್ಗುಲಿನ ಹನಿಗಳು ಅಣ್ಣ. ಹೊರಗಡೆ ಅಂದ್ರೆ ಎಡಕ್ಕೇ ತಾನೆ?"

"ಸರಿ. ಬೇರೆ ಬೇರೆ ತೆಗೆದ ಎರಡು ಬಣ್ಣದ ಚಿತ್ರಾನ ಒಂದರ ಮೇಲೊಂದು ನೆಟ್ಟಗೆ ಕೂರಿಸಿದ್ದೀಯ ತಾನೆ?"

"ನೀವು ಕೂರಿಸಿದ್ದೀರಿ ಅಂದ್ಕೊಂಡಿದ್ದೆ."

"ನೀನು ಕೂರಿಸಿದ್ದೀಯ ಅಂತ ನಾನು."

ಒಂದು ಬಣ್ಣದ ಚಿತ್ರ ಸರಿದು ಕೂತಿದ್ದರೆ, ಹನಿಯೊಳಗೆ ಕೆಂಪೂ ಹಸಿರೂ ಬೆರೆತೇ ಇರಬಹುದು.

"ಹುಳ ಇರೋ ಸ್ಲೈಡನ್ನ ಅರ್ಧ ಸುತ್ತು ತಿರುಗಿಸಿಡು," ಎಂದ ಲೆನ್ಸಣ್ಣ. "ಹಸಿರು ಹುಳದ ಜೊತೆ ಬಲಕ್ಕೆ ಬಂದ್ರೆ ನಿಜ. ಎಡಕ್ಕೇ ನಿಂತ್ರೆ ಕ್ಯಾಮೆರಾದ ಕಿತಾಪತಿ."

೪. (ಇಂಥಲ್ಲಿ ಕತ್ತರಿಸಿ ಓದುಗರನ್ನು ಒಂದು ವಾರ ಕಾಯಿಸುವುದು ನನ್ನ ಚಾಳಿ. ತಡೆದುಕೊಂಡೆ.)

ಮುಕ್ತಾಯ ಒಂದು: ಹಸಿರು ಬಲಕ್ಕೆ ಬಂತು, ಚಪ್ಪಾಳೆ. ಸಪ್ಪೆ, ಹೊಡೆದುಹಾಕಿದೆ.

ಮುಕ್ತಾಯ ಎರಡು: ಎಡಕ್ಕೇ ನಿಂತಿತು, ಅವಳ ಕಣ್ಣಂಚಿನಲ್ಲಿ...

"ಯಾರ್ರೀ ನೀವು, ನಾನು ಅಳ್ತೀನಿ ಅಂತ ಬರಿಯೋಕೆ?" ಎಂದಳು ಸಂಶೋಧಕಿ, ನೇರವಾಗಿ ನನ್ನನ್ನೇ.

"ಹಾಗಾದರೆ ಗೆಲ್ಲಿಸಿಬಿಡಲೇನಮ್ಮ?"

"ಅದೂ ಬೇಡ. ನೀವು ಬರೆದಿದ್ದಕ್ಕೆ ಹಸಿರು ಬಲಕ್ಕೆ ಬಂದ್ರೆ, ಯಾವ ಮುಖ ಇಟ್ಕೊಂಡು ತೋರಿಸ್ಲಿ? ಸುಮ್ನಿರಿ. ನೋಡ್ಬೇಕಾದವಳು ನಾನು."

೫. ಸುಮ್ಮನಾದೆ. ಅವಳು ಸ್ಲೈಡು ತಿರುಗಿಸಿದಳು, ಪರದೆಯನ್ನು ತನ್ನತ್ತ ಎಳೆದುಕೊಂಡಳು. ತುಂಬ ಹೊತ್ತು ನೋಡಿದಳು. ಆಮೇಲೆ ಹಳೆಯ ಚಿತ್ರವನ್ನು ಅಳಿಸದೆ, ಅದರ ಪಕ್ಕದಲ್ಲೇ ಹೊಸದನ್ನು ಇಟ್ಟಳು.

"ಎರಡನ್ನೂ ತೋರಿಸ್ತೀನಿ ಅಣ್ಣ. ಬನ್ನಿ, ಹೊತ್ತಾಯ್ತು."

ನಗುತ್ತಿದ್ದಳು. ಗೆದ್ದ ನಗೆಯೋ, ಸೋತೂ ಹಗುರಾದ ನಗೆಯೋ, ನನಗೆ ಹೇಳಲಿಲ್ಲ.

(ಸೆಮಿನಾರ್ ಕೋಣೆಯೊಳಗೆ ಕಥೆಗಾರರಿಗೆ ಪ್ರವೇಶವಿಲ್ಲವಂತೆ; ನಿಮ್ಮೊಂದಿಗೆ ಹೊರಗೇ ನಿಂತಿದ್ದೇನೆ. ಈ ಆವರಣ ಚಿಹ್ನೆಯನ್ನು ನಾನು ಮುಚ್ಚುವುದಿಲ್ಲ. ಗೋಡೆಯಿಲ್ಲದೆಯೂ ಒಳಗಿನದು ತನ್ನ ಜಾಗದಲ್ಲೇ ನಿಲ್ಲುತ್ತದೆಂದು ವಾದಿಸಿದವಳು ಅವಳು, ನಿಲ್ಲುತ್ತದೆಯೋ, ನೋಡೋಣ