ಕಟ್ಟಬೇಡಿ

"ಉಳ ಮುಟ್ಟುದ್ರೆ ಅಗ್ಗ ಕಟ್ಬ್ಯಾಡಿ," ಎಂದು ನರ್ಸ್ ವಿಶಾಲಾಕ್ಷಮ್ಮ ಮೂರನೆಯ ಸಲ ಹೇಳಿದಳು. ಸೋಲಿಗರ ಪೋಡಿನಲ್ಲಿ, ಆ ಕಾಡಿನ ಹಾಡಿಯಲ್ಲಿ, ಹಾವಿನ ಹೆಸರೆತ್ತುವುದಿಲ್ಲ, ಹುಳ ಎನ್ನುತ್ತಾರೆ. ಜಗಲಿಯಲ್ಲಿ ಕೂತ ಹೆಂಗಸರು ಮುಖ ಮುಖ ನೋಡಿಕೊಂಡರು. ನೋಡದೆ ಇನ್ನೇನು ಮಾಡಿಯಾರು? ಕಚ್ಚಿದ ಜಾಗದ ಮೇಲುಗಡೆ ಬಿಗಿಯಾಗಿ ಕಟ್ಟಿ ಎಂದು ಇಪ್ಪತ್ತೆರಡು ವರ್ಷ ಸಾರಿದವಳು, ಮನೆಮನೆಯ ಗೂಟಕ್ಕೆ ಒಂದೊಂದು ತುಂಡು ಹಗ್ಗ ನೇತುಹಾಕಿಸಿದವಳು ಇವಳೇ.

ಹೋದ ವಾರ ತಾಳವಾಡಿಯ ಟ್ರೈನಿಂಗಿನಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಪರದೆಯ ಮೇಲೆ ಪಟ ತೋರಿಸುತ್ತ ತಮಿಳಿನಲ್ಲಿ ವಿವರಿಸಿದ್ದಳು. ಎಷ್ಟೋ ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರಂತೆ. ಬಿಗಿದರೆ ವಿಷ ನಿಲ್ಲುವುದಿಲ್ಲ, ರಕ್ತ ನಿಂತು ಕೈಕಾಲು ಕೊಳೆಯುತ್ತದೆ. ಇದು ಗೊತ್ತಾಗಿ ವರ್ಷಗಳೇ ಆದವಂತೆ. ವರ್ಷಗಳೇ! ಅದನ್ನು ತಿಳಿಸುವ ಸರ್ಕಾರಿ ಕಾಗದ ದಿಂಬಂ ಘಾಟಿಯ ಯಾವ ತಿರುವಿನಲ್ಲಿ ಕೂತು ಸುಧಾರಿಸಿಕೊಳ್ಳುತ್ತಿತ್ತೋ. ವಿಶಾಲಾಕ್ಷಮ್ಮನಿಗೆ ಅಳು ಬರಲಿಲ್ಲ. ಕೊಟ್ಟ ಕಾಫಿ ಕುಡಿದಳು, ಹಾಜರಿಗೆ ಸಹಿ ಹಾಕಿದಳು, ಬಸ್ಸು ಹತ್ತಿದಳು. ಅಂದಿನಿಂದ ಎದೆಯೊಳಗೆ ಏನೂ ಅಲುಗಾಡಿಲ್ಲ.

ಮೂರು ವರ್ಷದ ಹಿಂದೆ ಇದೇ ಪೋಡಿನ ಚಿಕ್ಕಸಿದ್ದನಿಗೆ ಹುಳ ಮುಟ್ಟಿದಾಗ ಬಲಗೈಗೆ ಹಗ್ಗ ಬಿಗಿದವಳೂ ಅವಳೇ, ಮೈಯ ಶಕ್ತಿಯೆಲ್ಲ ಹಾಕಿ. ದಾರಿಯಲ್ಲಿ ಆನೆ ನಿಂತು ಜೀಪು ನಾಲ್ಕು ಗಂಟೆ ತಡವಾಯಿತು. ಜೀವ ಉಳಿಯಿತು, ಮೊಣಕೈ ಕೆಳಗೆ ಕತ್ತರಿಸಿದರು. ಕೈ ಹೋದದ್ದು ವಿಷದಿಂದ, ಜೀವ ಉಳಿದದ್ದು ನರ್ಸಮ್ಮನಿಂದ ಎಂದು ನಂಬಿ ಅವನ ಹೆಂಡತಿ ಪುಟ್ಟಮಲ್ಲಮ್ಮ ವರ್ಷವರ್ಷವೂ ಜೇನು ತಂದುಕೊಡುತ್ತಿದ್ದಳು.

ಈಗ ಪುಟ್ಟಮಲ್ಲಮ್ಮನೇ ಕೇಳಿದಳು: "ಅಂಗಾರೆ ನರ್ಸಮ್ಮ, ಅವತ್ತು ನೀವು ಕಟ್ದೆ ಬುಟ್ಟಿದ್ರೆ ಇವ್ನ ಕೈ ಇರ್ತಿತ್ತಾ?"

ಗೊತ್ತಿಲ್ಲ ಎಂದು ಜಾರಿಕೊಳ್ಳಬಹುದಿತ್ತು.

"ಇರ್ತಿತ್ತು ಕಣವ್ವ. ನಾನು ಕಟ್ಟಿದ್ದುಕ್ಕೇ ಓಯ್ತು." ಪೋಲಿಯೋ ಹನಿಯ ತಾರೀಕು ಹೇಳುವಾಗಿನ ದನಿಯೇ ಇತ್ತು ಅದು.

ಪುಟ್ಟಮಲ್ಲಮ್ಮ ಎದ್ದು ಒಳಗೆ ಹೋದಳು. ಉಳಿದವರೂ ಸೆರಗು ಕೊಡವಿಕೊಂಡು ಏಳತೊಡಗಿದರು. ಇವರು ಈಗ ಹೋದರೆ ನಾಳೆ ಮತ್ತೆ ಹಗ್ಗವನ್ನೇ ಬಿಗಿಯುತ್ತಾರೆ, ಇನ್ನೊಬ್ಬರ ಕೈ ಹೋಗುತ್ತದೆ ಎಂಬುದು ವಿಶಾಲಾಕ್ಷಮ್ಮನಿಗೆ ಗೊತ್ತಿತ್ತು. ಚೀಲದಿಂದ ಬಿದಿರ ದಬ್ಬೆ, ಬಟ್ಟೆ ತೆಗೆದಳು. ಕೈ ಅಲುಗದ ಹಾಗೆ ದಬ್ಬೆಯಿಟ್ಟು ಬಟ್ಟೆಯನ್ನು ಸಡಿಲವಾಗಿ ಸುತ್ತಿ, ನಡೆಸದೆ ಹೊತ್ತುಕೊಂಡು ಆಸ್ಪತ್ರೆಗೆ ಬನ್ನಿ, ಅಷ್ಟೇ ಎಂದಳು. ತೋರಿಸಿಕೊಡಲು ಯಾರಾದರೂ ಕೈ ಕೊಡಿ ಎಂದಳು. ಒಬ್ಬರೂ ಕೊಡಲಿಲ್ಲ. ಕಚ್ಚಿಸಿಕೊಂಡವರ ಹಾಗೆ ಆಟವಾಡಿದರೆ ಹುಳ ಮನೆ ಹುಡುಕಿಕೊಂಡು ಬರುತ್ತದೆ ಎಂಬುದು ಅವರ ನಂಬಿಕೆ.

ಅಲ್ಲಿಯತನಕ ಕಂಬಕ್ಕೆ ಒರಗಿ ನಿಂತಿದ್ದ ಚಿಕ್ಕಸಿದ್ದ ಬಂದು ಅವಳೆದುರು ಕೂತ. ಬಲತೋಳು ಚಾಚಿದ.

"ಇದ್ಕೆ ಕಟ್ಟಿ ತೋರ್ಸಿ ನರ್ಸಮ್ಮ. ಇದ್ರಲ್ಲಿ ಉಳಕ್ಕೆ ಇನ್ನೇನ್ ಸಿಕ್ಕದು?"

ಹೆಂಗಸರು ಮತ್ತೆ ಕೂತರು. ವಿಶಾಲಾಕ್ಷಮ್ಮ ದಬ್ಬೆಯಿಟ್ಟು ಬಟ್ಟೆ ಸುತ್ತಿದಳು, ಬಟ್ಟೆಯಡಿ ಬೆರಳು ತೂರಿಸಿ ಎಷ್ಟು ಸಡಿಲವಿರಬೇಕೆಂದು ತೋರಿಸಿದಳು. ದಬ್ಬೆಯನ್ನು ಪೂರ್ತಿ ಕೈಯ ಅಳತೆಗೆ ಸೀಳಿಸಿ ತಂದಿದ್ದಳು. ಅದು ಮೋಟು ತೋಳಿನಿಂದಾಚೆ ಗೇಣುದ್ದ ಬರಿದೇ ಚಾಚಿಕೊಂಡಿತ್ತು.