ಸಹರಿ ಉಂಡು ಬಂದವಳು

ಸ್ಪಿರಿಟ್ಟಿನ ಹತ್ತಿ ಹೊಟ್ಟೆಯ ಮೇಲೆ ಹರಿದಾಡುತ್ತಿದೆಯಂತೆ, ಬಲಗಡೆ ಏನೂ ಇಲ್ಲ, ಎಡಗಡೆ ಪಕ್ಕೆಯ ಕೆಳಗೆ ಮಾತ್ರ ಅಂಗೈಯಗಲ ತಣ್ಣಗಾಯಿತು, ಆಯಿತೋ ಇಲ್ಲವೋ, ಠಂಡಾ ಲಗತಾ ಹೈ ಕ್ಯಾ ಅಂತ ತಲೆಯ ಹಿಂದಿನಿಂದ ಅಮೋಲ್ ಡಾಕ್ಟರು ಕೇಳಿದರು, ಬೆನ್ನಿಗೆ ಸೂಜಿ ಚುಚ್ಚಿ ಮರಗಟ್ಟಿಸಿದವರು ಇವರೇ, ಸೈಮಾ ಇಲ್ಲ ಅಂದಳು, ದೊಡ್ಡವರು ಕೇಳಿದ್ದಕ್ಕೆ ಅವರಿಗೆ ಹಿತವಾದ ಉತ್ತರ ಕೊಟ್ಟು ಅಭ್ಯಾಸವಾಗಿ ಹೋಗಿದೆ ಅವಳಿಗೆ, ಇನ್ನು ಕಾಲುಗಳೆಲ್ಲಿ, ಸೊಂಟದ ಕೆಳಗೆ ಯಾರೋ ಒದ್ದೆ ಗೋಣಿಚೀಲ ಹೇರಿದ ಹಾಗಿದೆ, ಹೆಬ್ಬೆರಳು ಆಡಿಸಬೇಕು ಅಂದುಕೊಂಡರೆ ಅಂದುಕೊಂಡದ್ದಷ್ಟೇ — ಎದೆಯ ಮುಂದೆ ಹಸಿರು ಪರದೆ, ಅದರಾಚೆ ಅವಳದೇ ಹೊಟ್ಟೆ, ಒಂಬತ್ತು ತಿಂಗಳು ಹೊತ್ತವಳಿಗೆ ಈಗ ಅದನ್ನು ನೋಡಲಿಕ್ಕೂ ಇಲ್ಲ. ಕೂಸು ಕಾಲು ಕೆಳಗೆ ಮಾಡಿ ಕೂತಿದೆ, ಹೆರಿಗೆ ತಾನಾಗಿ ಆಗುವುದಿಲ್ಲ, ಕೊಯ್ಯಲೇಬೇಕು ಅಂದಿದ್ದರು ಡಾಕ್ಟರಬಾಯಿ, ಕೊಯ್ಯುತ್ತಿದ್ದಾರೇನು, ನೋವಿಲ್ಲ, ಬರೀ ಎಳೆತ, ದೊಡ್ಡ ಪಾತೇಲಿಯೊಳಗೆ ಕೈ ಹಾಕಿ ತಳ ತಿಕ್ಕಿದ ಹಾಗೆ ಒಳಗೆಲ್ಲ ಅಲುಗಾಟ, ಮೈ ತನ್ನದಲ್ಲ, ಹಲ್ಲು ಮಾತ್ರ ತನ್ನವು, ಕಟಕಟ ಅನ್ನುತ್ತಿವೆ, ಹಲ್ಲು ಕಡೀಬ್ಯಾಡವ್ವ, ಔಷಧದ ಚಳಿ ಅದು, ಎಲ್ಲಾರಿಗೂ ಬರತೈತಿ, ಇದು ಆಯಾ ಇಂದ್ರಾಬಾಯಿ, ಸಿಂದಗಿ ಕಡೆಯವಳು, ಬೆಳಿಗ್ಗೆ ಬಟ್ಟೆ ಬದಲಿಸುವಾಗ ಸೈಮಾಳ ಬಾಯಿಂದ ಯವ್ವಾ ಅಂತ ಬಂದದ್ದಕ್ಕೇ ಗುರುತು ಹಿಡಿದಿದ್ದಳು, ನಮ್ಮ ಕಡಿಯಾಕಿ ಏನ ನೀ ಅಂತ. ಎಡಗಡೆ ಚುರ್ ಅಂದಿತು. ಮತ್ತೆ ಚುರ್. ಸೈಮಾ ಉಸಿರು ಎಳೆದುಕೊಂಡಳು, ಪೇಷಂಟಿಗೆ ಗೊತ್ತಾಗುತ್ತಿದೆಯಾ ಅಂತ ಪರದೆಯಾಚೆಯಿಂದ ಡಾಕ್ಟರಬಾಯಿ, ಬೇಕಾದರೆ ಪೂರ್ತಿ ಮಲಗಿಸುತ್ತೇನೆ, ನಿನ್ನೆ ರಾತ್ರಿಯಿಂದ ಖಾಲಿ ಹೊಟ್ಟೆ ಅಂತ ಅಮೋಲ್ ಡಾಕ್ಟರು. ರಾತ್ರಿಯಿಂದ ಅಂದರೆ ಏನು, ರಾತ್ರಿಯಿಂದ ಯಾಕೆ.

ಸುಬಹ್ ಖಾಲಿ ಪೇಟ್ ಆನಾ ಅಂತಷ್ಟೇ ಅಲ್ಲವೇ ನಿನ್ನೆ ನರ್ಸ್ ಹೇಳಿದ್ದು, ಖಾಲಿ ಹೊಟ್ಟೆ ಈ ಮನೆಗೇನು ಹೊಸದೇ, ಅತ್ತೆ ನಜಮುನ್ನೀಸಾ ಒಂದು ರೋಜಾ ಉಪವಾಸ ಬಿಟ್ಟವಳಲ್ಲ, ಮಂಡಿನೋವಿಗೂ ಬಿಟ್ಟವಳಲ್ಲ, ನಾಲ್ಕೂವರೆಗೆ, ರೋಜಾದ ದಿನ ಸಹರಿ ಉಣ್ಣುವ ಹೊತ್ತಿಗೆ, ಬಂದು ತಲೆ ಸವರಿದಳು, ಉಠ್ ಮಾ, ಅಜಾನ್ ಕೆ ಪೈಲೇ ಖಾಲೇ, ಅಜಾನಿಗೆ ಮೊದಲೇ ಉಂಡುಬಿಡು, ಆಮೇಲೆ ದಿನವಿಡೀ ಒಂದು ಹನಿ ನೀರೂ ಸಿಗುವುದಿಲ್ಲ, ಎರಡು ರೊಟ್ಟಿ, ಮೊಟ್ಟೆಯ ಪಲ್ಯ, ಮೇಲೆ ತುಪ್ಪ ಸುರಿದ ಶಾವಿಗೆ, ಸಾಕು ಅಮ್ಮೀ ಅಂದರೆ ಇನ್ನೊಂದು ತುತ್ತು, ಮದುವೆಯಾಗಿ ಎರಡು ವರ್ಷಕ್ಕೆ ಮೊದಲ ಸಲ ಅತ್ತೆಯ ಕೈ ಅವಳ ಬಾಯಿಗೆ ಬಂದಿತ್ತು, ಸೈಮಾಗೆ ಹಸಿವಿಗಿಂತ ಹೆಚ್ಚು ಆ ಕೈ ಬೇಕಾಗಿತ್ತು, ತಿಂದಳು, ಹೊಟ್ಟೆ ಬಿರಿಯ ತಿಂದಳು. ಅಜಾನ್ ಆದ ಮೇಲೆ ದಹಿಸರದ ಚಾಳಿನಿಂದ ಬೊರಿವಲಿಯ ಆಸ್ಪತ್ರೆಯವರೆಗೆ ರಿಕ್ಷಾದಲ್ಲಿ ಉಗುಳು ನುಂಗಲೂ ಹೆದರುತ್ತ ಬಂದಳು, ಏಳೂವರೆಗೆ ಅಮೋಲ್ ಡಾಕ್ಟರು ಕುಛ್ ಖಾಯಾ ತೋ ನಹೀಂ ಅಂದರೆ ಸೊಸೆಯ ಪರವಾಗಿ ಅತ್ತೆಯೇ ಹೆಮ್ಮೆಯಿಂದ ಹೇಳಿದಳು, ನಹೀಂ ಸಾಬ್, ರೋಜಾ ಸರೀಕಾಚ್ ಹೈ, ಪಾನೀ ಭೀ ನೈ, ರೋಜಾ ಇದ್ದ ಹಾಗೇ, ನೀರೂ ಇಲ್ಲ. ಅದು ಸುಳ್ಳೇ, ಅಲ್ಲ, ಅತ್ತೆ ಸುಳ್ಳು ಹೇಳುವವಳಲ್ಲ — ಮಲಗಸ್ತಾರಂದ್ರ ಅಂಜಬ್ಯಾಡ, ಇಂದ್ರಾಬಾಯಿ ಕಿವಿಯ ಹತ್ತಿರ ಬಗ್ಗಿ ಹೇಳುತ್ತಿದ್ದಾಳೆ, ಉಂಡ ಬಂದಾಕಿ ಆಗಿದ್ರ ಅಂಜಬೇಕ ನೋಡು, ಕೂಳು ಮ್ಯಾಲ ಬಂದು ಉಸಿರಿನ ದಾರ್ಯಾಗ ಇಳೀತೈತಿ, ಹೋದ ವರ್ಷ ಒಬ್ಬಾಕಿ — ಹೋಗ್ಲಿ ಬಿಡು, ಈಗ್ಯಾಕ ಆ ಮಾತು.

ಕಣ್ಣ ತುದಿಯಲ್ಲಿ ಒಂದು ಕಪ್ಪು ರಬ್ಬರಿನ ಮಾಸ್ಕ್, ಪೈಪಿನ ತುದಿಗೆ ಜೋತುಬಿದ್ದಿದೆ. ಹೇಳಬೇಕು. ಹೇಳಿದರೆ ಅರ್ಧ ಕೊಯ್ದ ಹೊಟ್ಟೆ ಹಾಗೇ ಬಿಟ್ಟಾರೇನು, ಹೊರಗೆ ತಸ್ಬೀಹ್ ಮಣಿ ಎಣಿಸುತ್ತ ಕೂತ ಅತ್ತೆಯನ್ನು ಕರೆದು ನಾಲ್ಕು ಜನರ ಎದುರು ಬೈದಾರು, ಆ ಕೈ ಮತ್ತೆ ಯಾವತ್ತೂ ಬಾಯಿಗೆ ಬರಲಾರದು, ಹೇಳದಿದ್ದರೆ ನಿದ್ದೆ, ಈ ಬೆಂಕಿ ನಿಲ್ಲುತ್ತದೆ, ಯಾರಿಗೂ ಗೊತ್ತಾಗುವುದೂ ಇಲ್ಲ, ಎದ್ದರೆ ಎದ್ದೆ, ಏಳದಿದ್ದರೆ — ಎಡಗಡೆಯ ಆ ಅಂಗೈಯಗಲ ಜಾಗವನ್ನು ಕಿತ್ತೇ ತೆಗೆದರು, ಅವಳು ಕಿರುಚಿದಳು, ಮಾಸ್ಕ್ ಕೊಕ್ಕೆಯಿಂದ ಎದ್ದಿತು, ಬಸ್, ಅಭೀ ಸುಲಾ ದೇತಾ ಹೂಂ, ಈಗ ಮಲಗಿಸಿಬಿಡುತ್ತೇನೆ, ತಲೆಯ ಮೇಲೆ ಬಂತು, ಗಂಟಲಲ್ಲಿ ತುಪ್ಪದ ವಾಸನೆ ಎದ್ದು ನಿಂತಿದೆ, ಮುಂಬಯಿಯಲ್ಲಿ ಕಲಿತ ಹಿಂದಿ ಎಲ್ಲಿ ಹೋಯಿತು, ಮನೆಯ ದಖನಿ ಎಲ್ಲಿ ಹೋಯಿತು, ಬಾಯಿಗೆ ಬಂದದ್ದು ತವರಿನ ಓಣಿಯ ಕನ್ನಡ, ಉಂಡೀನ್ರಿ, ನಾ ಉಂಡೀನಿ, ಹೊಟ್ಟಿ ತುಂಬ ಉಂಡೀನಿ, ಅಮೋಲ್ ಡಾಕ್ಟರಿಗೆ ಅದು ಬರೀ ನರಳಾಟ, ಹಾಂ ಹಾಂ ಹೋ ಗಯಾ ಅನ್ನುತ್ತಾರೆ, ಮಾಸ್ಕ್ ಇಳಿಯುತ್ತಿದೆ, ಇಂದ್ರಾಬಾಯಿ ಆಚೆ ಬಟ್ಟೆ ತರಲು ತಿರುಗಿದ್ದಾಳೆ, ಇಂದ್ರಾಬಾಯಿ, ಉಂಡೀನವ್ವ ನಾ — ಸರ್ ಥಾಂಬಾ, ಜೇವಲೀ ಆಹೇ ತೀ, ಇಂದ್ರಾಬಾಯಿ ತಿರುಗಿ ಮರಾಠಿಯಲ್ಲಿ ಕೂಗಿದಳು, ನಿಲ್ಲಿ, ಉಂಡಿದ್ದಾಳೆ. ಮಾಸ್ಕ್ ನಿಂತಿತು.

ಯಾರು ತಿನ್ನಿಸಿದ್ದು, ಅಮೋಲ್ ಡಾಕ್ಟರ ದನಿ ಬದಲಾಗಿದೆ, ಇಂದ್ರಾಬಾಯಿ ಅದನ್ನೇ ಕನ್ನಡದಲ್ಲಿ ಕೇಳುತ್ತಾಳೆ, ಯಾರೂ ಇಲ್ಲ, ನಾನೇ, ಹಸಿವಾಗಿತ್ತು, ಸೈಮಾ ಸುಳ್ಳು ಹೇಳಿದಳು. ಮಲಗಿಸುವ ಹಾಗಿಲ್ಲ ಮ್ಯಾಡಂ, ಬೇಗ ತೆಗೀರಿ, ತಡಕೋ ಬೇಟಾ, ಎರಡೇ ನಿಮಿಷ, ಎದೆಯ ಕೆಳಗೆ ಯಾರದೋ ಮೊಣಕೈ ಒತ್ತುತ್ತಿದೆ, ಇಂದ್ರಾಬಾಯಿಯ ಬೆರಳು ಅವಳ ಹಿಡಿತದಲ್ಲಿ ಮುರಿಯುವಂತಿವೆ, ಏನೋ ಬೇರು ಸಮೇತ ಹೊರಗೆ ಹೋಯಿತು, ಹೊಟ್ಟೆ ಒಮ್ಮೆಲೇ ಬರಿದಾಯಿತು, ಅಳು ಕೇಳಿತು, ಹೆಣ್ಣು ಕೂಸವ್ವ, ನೋಡಿಲ್ಲೆ, ಈ ಕಡೆ ನೋಡ, ನೋಡಬೇಕು, ನೋಡಬೇಕು ಅಂತಲೇ ಇದೆ, ಗಂಟಲಲ್ಲಿ ತುಪ್ಪ ಇನ್ನೂ ಇಳಿದಿಲ್ಲ, ಹೊಲಿಗೆ ಇನ್ನೂ ಬಾಕಿ ಇದೆ, ಕುತ್ತಿಗೆ ತಿರುಗುತ್ತಿಲ್ಲ, ಮುಖದಿಂದ ಗೇಣು ಮೇಲೆ ಕಪ್ಪು ಮಾಸ್ಕ್, ಅಮೋಲ್ ಡಾಕ್ಟರ ಕೈಯಲ್ಲಿ, ಬೇಕಾದೀತು ಅಂತ ಹಾಗೇ ಹಿಡಿದಿದ್ದಾರೆ, ಇಳಿಯುತ್ತಲೂ ಇಲ್ಲ, ಏಳುತ್ತಲೂ ಇಲ್ಲ, ಕಪ್ಪು ಮಾಸ್ಕ್, ಗೇಣು ಮೇಲೆ,